ಆಹಾರದ ಅಲರ್ಜಿ: ಮಗು ಆಸ್ಪತ್ರೆಯಿಂದ ಮರಳಿದ ನಂತರ

ಒಂದು ತುಂಡು ಗೋಡಂಬಿ ಬರ್ಫಿ, ಎರಡು ಸಿಗಡಿ ಅಥವಾ ಒಂದು ಹಿಡಿ ನೆಲಗಡಲೆ. ಹೆಚ್ಚಿನ ಮಕ್ಕಳು ಇಷ್ಟಪಟ್ಟು ತಿನ್ನುವ ಇದೇ ಆಹಾರ ಕೆಲವು ಮಕ್ಕಳ ಪ್ರಾಣಕ್ಕೆ ಸಂಚಕಾರ ತರುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯು ಆ ಆಹಾರದ ಪ್ರೋಟೀನನ್ನು ಶತ್ರುವೆಂದು ಭಾವಿಸಿ ದಾಳಿಗಿಳಿಯುತ್ತದೆ. ನಿಮಿಷಗಳೊಳಗೆ ಮೈಯೆಲ್ಲಾ ದದ್ದು ಏಳಬಹುದು, ತುಟಿ ಊದಬಹುದು, ವಾಂತಿಯಾಗಬಹುದು. ಉಸಿರಾಟ ಕಷ್ಟವಾಗಿ, ರಕ್ತದೊತ್ತಡ ಕುಸಿಯಲೂಬಹುದು. ಈ ತೀವ್ರ ಸ್ಥಿತಿಯನ್ನು ವೈದ್ಯರು ಅನಾಫಿಲಾಕ್ಸಿಸ್ ಎನ್ನುತ್ತಾರೆ.

ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಮಗು ಬಹುಬೇಗ ಚೇತರಿಸಿಕೊಳ್ಳುತ್ತದೆ. ಮನೆಗೆ ಮರಳಿದ ಮಗುವನ್ನು ಕಂಡು ಎಲ್ಲರೂ ಅಲ್‌ಹಮ್ದುಲಿಲ್ಲಾಹ್ ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ತಾಯಂದಿರೇ, ನಿಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯುವುದಿಲ್ಲ.

ಮೊದಲ ಮೂರು ದಿನ ಎಚ್ಚರವಾಗಿರಿ. ಒಮ್ಮೆ ಶಮನವಾದ ತೊಂದರೆ ಕೆಲವು ಮಕ್ಕಳಲ್ಲಿ ಮತ್ತೆ ತಲೆಯೆತ್ತುತ್ತದೆ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಅಪರೂಪಕ್ಕೆ 72 ಗಂಟೆಗಳೊಳಗೆ ಹೀಗಾಗಬಹುದು. ಆದ್ದರಿಂದಲೇ ವೈದ್ಯರು ಮಗುವನ್ನು ಕೂಡಲೇ ಮನೆಗೆ ಕಳುಹಿಸದೆ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುತ್ತಾರೆ. 'ಈಗ ಚೆನ್ನಾಗಿದ್ದಾನಲ್ಲಾ' ಎಂದು ಅವಸರ ಮಾಡಬೇಡಿ.

ಇದರ ಮುಖ್ಯ ಔಷಧಿ ಅಡ್ರಿನಲಿನ್ ಇಂಜೆಕ್ಷನ್. ಅದನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುತ್ತಾರೆ. ಅಲರ್ಜಿಯ ಸಿರಪ್ ತುರಿಕೆಯನ್ನು ತಗ್ಗಿಸಬಹುದು, ಆದರೆ ಕಟ್ಟುತ್ತಿರುವ ಉಸಿರನ್ನು ಬಿಡಿಸಲಾರದು. ಅದನ್ನು ನಂಬಿ ಕಾಯುತ್ತಾ ಕೂರುವುದು ಅಪಾಯಕಾರಿ. ಪೆನ್ನಿನಂತಿರುವ ಸಿದ್ಧ ಇಂಜೆಕ್ಷನ್ ನಮ್ಮ ಊರಿನ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಮನೆಯಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ವೈದ್ಯರಿಂದ ಕೇಳಿ, ಕಲಿತು, ಬರೆಸಿಕೊಳ್ಳಿ. ತೊಂದರೆ ಮರುಕಳಿಸಿದರೆ ಮಗುವನ್ನು ಮಲಗಿಸಿ ಕಾಲುಗಳನ್ನು ಸ್ವಲ್ಪ ಎತ್ತರಿಸಿಡಿ. ಉಸಿರಾಡಲು ಕಷ್ಟಪಡುತ್ತಿದ್ದರೆ ಕುಳ್ಳಿರಿಸಿ. ಎದ್ದು ನಡೆಯಲು ಬಿಡಬೇಡಿ. ತಡಮಾಡದೆ 108ಕ್ಕೆ ಕರೆ ಮಾಡಿ.

ಯಾವ ಆಹಾರದಿಂದ ಹೀಗಾಯಿತು ಎಂದು ತಿಳಿಯಬೇಕು. ತಿಂದದ್ದೇನು, ಎಷ್ಟು, ಎಷ್ಟು ಹೊತ್ತಿನ ಬಳಿಕ ತೊಂದರೆ ಶುರುವಾಯಿತು ಎಂಬುದನ್ನು ನೆನಪು ಮಾಸುವ ಮೊದಲೇ ಬರೆದಿಡಿ. ರಕ್ತ ಅಥವಾ ಚರ್ಮದ ಪರೀಕ್ಷೆಯ ಜೊತೆಗೆ ವೈದ್ಯರಿಗೆ ಈ ವಿವರವೂ ಬೇಕು. ಸಂಶಯದಿಂದ ಹತ್ತಾರು ಆಹಾರಗಳನ್ನು ನೀವಾಗಿಯೇ ನಿಲ್ಲಿಸಿದರೆ ಮಗು ಸೊರಗುತ್ತದೆ. ಮಗುವಿಗೆ ಅಸ್ತಮಾ ಇದ್ದರೆ ಅದನ್ನು ಹತೋಟಿಯಲ್ಲಿಡುವುದು ಇನ್ನಷ್ಟು ಮುಖ್ಯ.

ಮನೆಯವರನ್ನು ಒಪ್ಪಿಸುವುದು ಬಹುಶಃ ಅತ್ಯಂತ ಕಷ್ಟದ ಕೆಲಸ. 'ಒಂದು ಚೂರು ತಿಂದರೆ ಏನಾಗುತ್ತದೆ?' ಎಂದು ಅಜ್ಜಿ ಪ್ರೀತಿಯಿಂದಲೇ ಹೇಳಬಹುದು. ಆ ಒಂದು ಚೂರೇ ಸಾಕು ಎಂಬುದನ್ನು ಗೌರವದಿಂದ, ಆದರೆ ಸ್ಪಷ್ಟವಾಗಿ ತಿಳಿಸಿ. ಪೆರ್ನಾಳ್‌ನ ಶೀರ್‌ಖುರ್ಮಾದಲ್ಲಿ, ಮದುವೆಯ ಬಿರಿಯಾನಿಯಲ್ಲಿ, ಗಟ್ಟಿ ಗ್ರೇವಿಯಲ್ಲಿ ಗೋಡಂಬಿ ಅರೆದು ಸೇರಿಸಿರಬಹುದು. ಕಣ್ಣಿಗೆ ಕಾಣುವುದಿಲ್ಲ, ಕೇಳಲೇಬೇಕು. ಇಫ್ತಾರ್‌ನಲ್ಲಿ ಎಲ್ಲರೂ ಒಂದೇ ತಟ್ಟೆಯಿಂದ ತಿನ್ನುವಾಗ ಈ ಮಗುವಿಗೆ ಬೇರೆ ತಟ್ಟೆ, ಬೇರೆ ಚಮಚ ಇರಲಿ. ಪೊಟ್ಟಣದ ತಿಂಡಿ ಕೊಳ್ಳುವಾಗ ಲೇಬಲ್ ಓದಿ. ನೆಲಗಡಲೆ, ಗೋಡಂಬಿಯಂತಹ ಬೀಜಗಳು, ಹಾಲು, ಮೊಟ್ಟೆ, ಮೀನು, ಸಿಗಡಿ, ಸೋಯಾ ಮುಂತಾದವು ಇದ್ದರೆ ನಮೂದಿಸಬೇಕೆಂದು ಭಾರತದ 2020ರ ಆಹಾರ ಲೇಬಲ್ ನಿಯಮ ಹೇಳುತ್ತದೆ. ಶಾಲೆ ಮತ್ತು ಮದ್ರಸದ ಅಧ್ಯಾಪಕರಿಗೂ ಲಿಖಿತವಾಗಿ ತಿಳಿಸಿ.

ಮಗುವಿನ ಮನಸ್ಸನ್ನು ಮರೆಯಬೇಡಿ. ಉಸಿರು ಕಟ್ಟಿದ ಅನುಭವವಾದ ಮಗು ತುತ್ತು ಕಂಡರೆ ಹೆದರಬಹುದು, ರಾತ್ರಿ ಬೆಚ್ಚಿ ಏಳಬಹುದು. ಬೈಯಬೇಡಿ, ಬಲವಂತದಿಂದ ತಿನ್ನಿಸಬೇಡಿ. ಅದು ಸುರಕ್ಷಿತವಾಗಿ ತಿನ್ನುತ್ತಿದ್ದ ಆಹಾರವನ್ನೇ ನೀವೂ ಜೊತೆಗೆ ಕುಳಿತು ತಿನ್ನಿ. ಅಡುಗೆಯಲ್ಲಿ ಅದನ್ನೂ ಸೇರಿಸಿಕೊಳ್ಳಿ. 'ಇದರಲ್ಲಿ ಏನು ಹಾಕಿದ್ದೀರಿ?' ಎಂದು ಕೇಳಲು, ಬೇಡವೆನ್ನಲು ಕಲಿಸಿ. ಭಯ ಕಡಿಮೆಯಾಗದಿದ್ದರೆ ವೈದ್ಯರಿಗೆ ತಿಳಿಸಿ.

ನಿರಾಶರಾಗುವ ಅಗತ್ಯವಿಲ್ಲ. ಹಾಲು ಮತ್ತು ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ಹೋದಂತೆ ಮಾಯವಾಗುತ್ತದೆ. ನೆಲಗಡಲೆಯದ್ದು ಸುಮಾರು ಐವರಲ್ಲಿ ಒಬ್ಬರಿಗೆ ಹೋಗುತ್ತದೆ. ಮೀನು, ಸಿಗಡಿಯದ್ದು ಸಾಮಾನ್ಯವಾಗಿ ಉಳಿದುಬಿಡುತ್ತದೆ. ಹೋಗಿದೆಯೇ ಎಂದು ಪರೀಕ್ಷಿಸಬೇಕಾದದ್ದು ವೈದ್ಯರ ಎದುರಿನಲ್ಲೇ ಹೊರತು ನಿಮ್ಮ ಅಡುಗೆಮನೆಯಲ್ಲಲ್ಲ. ಅಲ್ಲಿಯವರೆಗೆ ನಿಮ್ಮ ಎಚ್ಚರವೇ ಮಗುವಿಗೆ ಕಾವಲು. ಆ ಎಚ್ಚರ ಮಗುವಿನ ಆಟ, ಓದು, ನಗುವನ್ನು ಕಸಿಯದಿರಲಿ.