ಕಣದ ಸಿಮೆಂಟಿನ ಮೇಲೆ ಬಿದ್ದ ಎಣ್ಣೆ

ಮಳೆಗಾಲದಲ್ಲಿ ನಮ್ಮ ಕಾಫಿ ಕಣಗಳಿಗೆ ಕೆಲಸವಿರುವುದಿಲ್ಲ. ಆಗ ಅಲ್ಲಿ ಜೀಪು ನಿಲ್ಲುತ್ತದೆ, ಪವರ್ ಟಿಲ್ಲರ್ ನಿಲ್ಲುತ್ತದೆ, ಔಷಧಿ ಹೊಡೆಯುವ ಎಂಜಿನ್ನನ್ನು ಬಿಚ್ಚಿ ಹರಡುವುದೂ ಅಲ್ಲಿಯೇ. ತೋಟದ ಸುತ್ತೆಲ್ಲ ಕೆಸರಾಗಿರುವಾಗ ಗಟ್ಟಿ ನೆಲ ಬೇರೆಲ್ಲಿದೆ ಎಂದು ಡ್ರೈವರ್ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಅಕ್ಟೋಬರ್ ಕಳೆದು ಕಣ ಗುಡಿಸುವಾಗ ನೋಡಿದರೆ ಅಂಗೈಯಗಲದವು, ಮೊರದಗಲದವು, ನಾಲ್ಕಾರು ಕಪ್ಪು ಕಲೆಗಳು. ಬಿಸಿಲಿಗೆ ತಾನಾಗಿ ಹೋಗುತ್ತದೆ ಎಂದು ಬಿಟ್ಟುಬಿಡುವವರೇ ಹೆಚ್ಚು. ನಾವೂ ಹಾಗೆಯೇ ಬಿಟ್ಟಿದ್ದವರು.

ಅದು ಹೋಗುವುದಿಲ್ಲ; ಬಿಸಿಲಿಗೆ ಮೇಲೇಳುತ್ತದೆ. ನಮ್ಮ ಸದಸ್ಯರೊಬ್ಬರು ಅಂಥ ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟನ್ನು ಮಾರಾಟಕ್ಕೆ ಒಯ್ದಾಗ ಕೊಳ್ಳುವವರು ಒಂದು ಹಿಡಿ ತೆಗೆದು ಮೂಗಿಗೆ ಹಿಡಿದು, ಮಾತಿಲ್ಲದೆ ಚೀಲಕ್ಕೆ ವಾಪಸು ಹಾಕಿದರಂತೆ. ತೇವ ಸರಿಯಾಗಿಯೇ ಇತ್ತು, ಅರೇಬಿಕ ಪಾರ್ಚ್‌ಮೆಂಟಿಗೆ ಬೇಕಾದ ಶೇಕಡಾ 10. ಬಣ್ಣವೂ ಚೆನ್ನಾಗಿತ್ತು. ಡೀಸೆಲ್ ವಾಸನೆ ಮಾತ್ರ ಇತ್ತು. ಕಲೆಯಿದ್ದದ್ದು ಕಣದ ಒಂದು ಮೂಲೆಯಲ್ಲಿ. ಆದರೆ ದಿನಕ್ಕೆ ಹತ್ತು ಸಲ ಕೆದಕಿ ತಿರುವುವಾಗ ಮೂಲೆಯ ಕಾಳು ನಡುವಿಗೆ ಬರುತ್ತದೆ, ಸಂಜೆ ಎಲ್ಲವೂ ಒಂದೇ ರಾಶಿ.

ಕಾಫಿಯಂತೆ ವಾಸನೆ ಹಿಡಿಯುವ ಬೆಳೆ ಮತ್ತೊಂದಿಲ್ಲ. ಗೋಣಿಚೀಲದ ಕತೆಯನ್ನು ಇಲ್ಲಿ ನೆನೆಯಬಹುದು. ಸೆಣಬಿನ ನಾರು ಮೆತ್ತಗಾಗಲೆಂದು ಗಿರಣಿಗಳಲ್ಲಿ ಖನಿಜ ತೈಲ ಬಳಸುವ ರೂಢಿಯಿತ್ತು. ಆ ಎಣ್ಣೆ ಚೀಲದಿಂದ ಕಾಫಿ, ಕೋಕೋ ಬೀಜಗಳಿಗೆ ಇಳಿಯುತ್ತದೆಂದು ಕೊಳ್ಳುವ ದೇಶಗಳು ತಕರಾರು ಎತ್ತಿದ ಮೇಲೆ, 1998ರಲ್ಲಿ ಅಂತರರಾಷ್ಟ್ರೀಯ ಸೆಣಬು ಸಂಸ್ಥೆಯು ಆಹಾರಪದಾರ್ಥದ ಚೀಲಗಳಿಗೆ ಪ್ರತ್ಯೇಕ ಮಾನದಂಡ ಮಾಡಿತು: ಒಂದು ಕಿಲೋ ನಾರಿನಲ್ಲಿ ಸಾಬೂನಾಗದ ಎಣ್ಣೆಯ ಅಂಶ 1250 ಮಿಲಿಗ್ರಾಂ ಮೀರಬಾರದು. ಈಗ ಅಂಥ ಚೀಲಕ್ಕೆ ಅಕ್ಕಿ ತೌಡಿನ ಎಣ್ಣೆಯಂಥ ಸಸ್ಯಜನ್ಯ ಎಣ್ಣೆ ಬಳಸುತ್ತಾರೆ. ಚೀಲದ ಎಣ್ಣೆಗೇ ಇಷ್ಟು ಲೆಕ್ಕವಿರುವಾಗ ಕಣದಲ್ಲಿ ಸುರಿದದ್ದಕ್ಕೆ ಏನು ಹೇಳುವುದು? ಚಾಲಿ ಅಡಿಕೆಯವರಿಗೂ ಈ ಮಾತು ಸಲ್ಲುತ್ತದೆ. ಅವರ ಅಡಿಕೆ 35–40 ದಿನ ಅದೇ ನೆಲದ ಮೇಲೆ ಬಿದ್ದಿರುತ್ತದೆ.

ಕಲೆ ತೆಗೆಯುವ ಉಪಾಯವನ್ನು ನಾವು ಕಲಿತದ್ದು ಕಾಫಿಯೂ ಅಡಿಕೆಯೂ ಮುಖ್ಯಬೆಳೆಯಲ್ಲದ ಊರಿನಲ್ಲಿ. ನಮ್ಮಲ್ಲಿ ಕೆಲವರು ಹುಲಿಗೆಮ್ಮನ ದರ್ಶನಕ್ಕೆಂದು ಹೊರಟವರು ಮುನಿರಾಬಾದಿನ ಪರಿಚಯದ ರೈತರೊಬ್ಬರ ಮನೆಯಲ್ಲಿ ಉಳಿದುಕೊಂಡೆವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ನಾಡು. ಗಂಗಾವತಿ, ಕಾರಟಗಿ ಕಡೆಗೆ ಹೋದಷ್ಟೂ ಭತ್ತವೇ ಭತ್ತ. ಅವರ ಬಾಯಲ್ಲಿ ಅದು ನೆಲ್ಲು. ಎರಡನೆಯ ಬೆಳೆ ಕೊಯ್ದ ಸಮಯ. ರಸ್ತೆಯಿಂದ ಮನೆಬಾಗಿಲವರೆಗೆ ಹಾಕಿಸಿದ ಕಾಂಕ್ರೀಟ್ ದಾರಿ ಅವರಿಗೆ ಹಗಲು ನೆಲ್ಲು ಒಣಗಿಸುವ ಕಣ, ರಾತ್ರಿ ಟ್ರ್ಯಾಕ್ಟರ್ ನಿಲ್ಲಿಸುವ ಜಾಗ. ಬೆಳಿಗ್ಗೆ ಎದ್ದು ನೋಡಿದರೆ ಟ್ರ್ಯಾಕ್ಟರಿನ ಕೆಳಗೆ ತಟ್ಟೆಯಗಲ ಎಂಜಿನ್ ಆಯಿಲ್. ನಮ್ಮವರೊಬ್ಬರು ಉಪಕಾರ ಮಾಡಲೆಂದು ಕೊಡ ಎತ್ತಿಕೊಂಡರು. ಮನೆಯ ಹಿರಿಯಮ್ಮ ಒಳಗಿನಿಂದಲೇ ಕೂಗಿದರು:

“ನೀರು ಹಾಕಬ್ಯಾಡ್ರೀ ಅಣ್ಣಾರ, ಎಣ್ಣಿ ಹರವತೈತಿ. ಮೊದಲ ಬೂದಿ ಕುಡೀಲಿ.”

ಬೂದಿಯೆಂದರೆ ಭತ್ತದ ಹೊಟ್ಟಿನ ಬೂದಿ. ಕುಸುಬಲಕ್ಕಿ ಮಿಲ್ಲುಗಳ ಬಾಯ್ಲರಿಗೆ ಹೊಟ್ಟೇ ಸೌದೆ. ಸುಟ್ಟ ಹೊಟ್ಟಿನ ತೂಕದಲ್ಲಿ ಐದನೆಯ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಅದರ ಬಹುಭಾಗ ಸಿಲಿಕ, ಒಳಗೆಲ್ಲ ತೂತು. ಎಣ್ಣೆ ಹೀರಲು ಇದಕ್ಕಿಂತ ಅಗ್ಗದ ವಸ್ತು ಸಿಗದು. ಹಿರಿಯಮ್ಮ ಒಂದು ಪುಟ್ಟಿ ಬೂದಿ ಸುರಿದು, ಇಟ್ಟಿಗೆ ಚೂರಿನಿಂದ ತಿಕ್ಕಿ, ಊಟದ ಹೊತ್ತಿಗೆ ಗುಡಿಸಿದರು. ಉಳಿದದ್ದು ಮಸುಕಾದ ನೆರಳು ಮಾತ್ರ. ಅದನ್ನೂ ತೆಗೆಯುವುದನ್ನು ಮಾರನೆಯ ದಿನ ತೋರಿಸಿದರು.

ಇದಕ್ಕೆ ಮುಂಚೆ ನಾವು ಮಾಡಿದ್ದ ಪೆದ್ದುತನವನ್ನೂ ಹೇಳಿಬಿಡುತ್ತೇವೆ. ಬಚ್ಚಲು ತೊಳೆಯುವ ಆಸಿಡ್ ತಂದು ಕಲೆಯ ಮೇಲೆ ಸುರಿದಿದ್ದೆವು. ಬುರಬುರನೆ ನೊರೆ ಬಂದಾಗ ಕೆಲಸವಾಯಿತೆಂದು ಹಿಗ್ಗಿದೆವು. ನೊರೆ ಬಂದದ್ದು ಸಿಮೆಂಟಿನ ಸುಣ್ಣದ ಅಂಶ ಕರಗಿದ್ದರಿಂದ. ಎಣ್ಣೆಗೆ ಆಸಿಡ್ ಏನೂ ಮಾಡದು. ಮೇಲ್ಮೈ ಕಿತ್ತು ಜಲ್ಲಿ ಕಾಣಿಸಿಕೊಂಡಿತು, ಕಲೆ ಅಲ್ಲೇ ಇತ್ತು, ಈಗ ಆ ತೂತುಗಳಲ್ಲಿ ಕಾಳೂ ಸಿಕ್ಕಿಕೊಳ್ಳುತ್ತದೆ. ಸೀಮೆಎಣ್ಣೆಯಿಂದ ಒರೆಸುವುದೂ ಸಲ್ಲದು. ಗ್ಯಾರೇಜಿನ ನೆಲಕ್ಕೆ ಅದು ಆದೀತು. ಕಾಫಿ ಕಣದಲ್ಲಿ ಒಂದು ವಾಸನೆ ತೆಗೆದು ಇನ್ನೊಂದು ಇಟ್ಟಂತೆ. ಪೆಟ್ರೋಲಿನ ಮಾತಂತೂ ಬೇಡ. ಬ್ಲೀಚಿಂಗ್ ಪುಡಿಯನ್ನೂ ಆಸಿಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರಿಗೇ ಅಪಾಯ.

ಹಳೆಯ ಕಲೆ ಏಕೆ ಹಟಮಾರಿ ಎಂದರೆ ಕಾಂಕ್ರೀಟ್ ಕಣ್ಣಿಗೆ ಗಟ್ಟಿ, ಒಳಗೆ ಸಣ್ಣ ಸಣ್ಣ ರಂಧ್ರಗಳ ಜಾಲ. ತೆಂಗಿನೆಣ್ಣೆ ಬಿದ್ದರೆ ಕ್ಷಾರ ಸೇರಿ ಸಾಬೂನಾಗುತ್ತದೆ. ಡೀಸೆಲ್, ಎಂಜಿನ್ ಆಯಿಲ್ ಎಂದೂ ಸಾಬೂನಾಗವು. ಅವನ್ನು ಸಡಿಲಿಸಿ, ಮೇಲಕ್ಕೆ ಎಳೆದುಕೊಳ್ಳಬೇಕು. ಹತ್ತು ಲೀಟರ್ ಬಿಸಿನೀರಿಗೆ ಅರ್ಧ ಕಿಲೋ ವಾಷಿಂಗ್ ಸೋಡ, ಎರಡು ಹಿಡಿ ಸಾಬೂನುಪುಡಿ ಕಲಸಿ, ಕಲೆಯ ಮೇಲೆ ಸುರಿದು ಕಾಲುಗಂಟೆ ಬಿಟ್ಟು ತೆಂಗಿನ ನಾರಿನ ಬ್ರಷ್ಷಿನಲ್ಲಿ ತಿಕ್ಕಬೇಕು. ತಂತಿ ಬ್ರಷ್ ಬೇಡ, ಅದರ ಚೂರುಗಳು ತುಕ್ಕು ಹಿಡಿದು ಹೊಸ ಕಲೆ ಮಾಡುತ್ತವೆ. ಕೈಗೆ ರಬ್ಬರ್ ಗ್ಲೌಸ್ ಇರಲಿ. ಎದ್ದ ನೊರೆಯನ್ನು ಬೂದಿಗೋ ಮರದ ಪುಡಿಗೋ ಹೀರಿಸಿ ಬಾಚಿ ತೆಗೆಯಬೇಕು.

ಮುಖ್ಯ ಕೆಲಸ ಮುಂದಿನದು. ಅದೇ ಸೋಡಾ ನೀರಿನಲ್ಲಿ ಹೊಟ್ಟಿನ ಬೂದಿಯನ್ನು ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ, ಕಲೆಯ ಅಂಚು ಮೀರುವಂತೆ ಅರ್ಧ ಅಂಗುಲ ದಪ್ಪಕ್ಕೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಹಾಳೆ ತೆಗೆದು ಬಿಸಿಲಿಗೆ ಬಿಟ್ಟರೆ ಮೆತ್ತಿದ್ದು ಒಣಗುತ್ತಾ ಒಳಗಿನ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಪೂರ್ತಿ ಒಣಗಿ ಬಿರುಕು ಬಿಟ್ಟ ಮೇಲೆಯೇ ಕೆರೆದು ತೆಗೆಯಿರಿ. ಅವಸರ ಮಾಡಿದರೆ ಫಲವಿಲ್ಲ. ಬೂದಿ ಹಾರದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಮೇಲು. ನಮ್ಮ ಕಣದಲ್ಲಿ ಹೊಸ ಕಲೆಗೆ ಒಂದು ಸಲ ಸಾಕಾಯಿತು, ಎರಡು ವರ್ಷ ಹಳೆಯದಕ್ಕೆ ಮೂರು ಸಲ ಬೇಕಾಯಿತು.

ಹೋಯಿತೋ ಇಲ್ಲವೋ ತಿಳಿಯಲು ನೀರು ಚಿಮುಕಿಸಿ ನೋಡಿ. ಕೆಸುವಿನೆಲೆಯ ಮೇಲಿನಂತೆ ಹನಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆ. ನೆಲ ನೀರು ಕುಡಿದು ಕಪ್ಪಾದರೆ ಹೋಗಿದೆ. ಆಮೇಲೆ ಮಧ್ಯಾಹ್ನ ನೆಲ ಕಾದಾಗ ಮಂಡಿಯೂರಿ ಮೂಸಿ ನೋಡುವುದು. ಆಳುಗಳು ನಗಬಹುದು, ನಗಲಿ. ಆಗಲೂ ವಾಸನೆ ಬಂದರೆ ಅಷ್ಟು ಭಾಗವನ್ನು ಒಡೆದು ಹೊಸ ಕಾಂಕ್ರೀಟ್ ಹಾಕಿ ಕನಿಷ್ಠ ಒಂದು ವಾರ ನೀರುಣಿಸುವುದೇ ದಾರಿ. ಈ ಕೆಲಸವನ್ನು ಮೊದಲ ಕೊಯ್ಲಿಗೆ ಮೂರು ವಾರ ಮುಂಚೆಯೇ ಮುಗಿಸಬೇಕು.

ಚೊಗರಿನ ಕಲೆಗೂ ಇದೇ ಮದ್ದೇ ಎಂದು ಅಡಿಕೆ ಬೆಳೆಗಾರರು ಕೇಳಬಹುದು. ಅಲ್ಲ. ಚೊಗರು ಎಣ್ಣೆಯಲ್ಲ, ಬಣ್ಣ. ಅದರಿಂದ ಅಡಿಕೆಗೆ ಹಾನಿಯೂ ಇಲ್ಲ.

ತೊಳೆದ ನೀರಿನ ವಿಚಾರ ಒಂದು ಉಳಿಯಿತು. ಮುನಿರಾಬಾದಿನಲ್ಲಿ ಸಂಜೆ ಅಣೆಕಟ್ಟು ನೋಡಲು ಹೋಗಿದ್ದೆವು. 1953ರಲ್ಲಿ ಮುಗಿದ ಕಟ್ಟಡ, ಮುಖ್ಯವಾಗಿ ಕಲ್ಲು ಮತ್ತು ಸುರ್ಕಿ ಗಾರೆಯದು, 33 ಬಾಗಿಲು. 2024ರ ಆಗಸ್ಟಿನಲ್ಲಿ 19ನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋದದ್ದು ಓದುಗರಿಗೆ ನೆನಪಿರಬಹುದು. ಅಲ್ಲಿ ನಿಂತ ನೀರು ನಮ್ಮದೇ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ನಮ್ಮ ತೋಟಗಳ ಹಳ್ಳಗಳನ್ನೆಲ್ಲ ಕೂಡಿಸಿಕೊಂಡು, ಕೂಡಲಿಯಲ್ಲಿ ಒಂದಾಗಿ, ಅಲ್ಲಿ ಹೋಗಿ ನಿಲ್ಲುತ್ತಾರೆ. “ಮ್ಯಾಲಿನವರು ಏನ ತೊಳೀತೀರಿ, ಅದನ್ನ ನಾವು ಕುಡೀತೀವಿ” ಎಂದು ಹಿರಿಯಮ್ಮನ ಮಗ ನಗುತ್ತಲೇ ಅಂದರು. ನಮಗೆ ನಗು ಬರಲಿಲ್ಲ.

ಆದ್ದರಿಂದ ಬೂದಿಯಿಂದ ಹೀರಿಸಿದಷ್ಟೂ ಹೀರಿಸಿ, ನೀರು ಕೊನೆಗೆ, ಕಡಿಮೆ. ಎಣ್ಣೆ ಕುಡಿದ ಬೂದಿಯನ್ನು ಗೊಬ್ಬರದ ಗುಂಡಿಗೆ ಹಾಕಬಾರದು, ಹಳ್ಳಕ್ಕೂ ಎಸೆಯಬಾರದು. ಮುಚ್ಚಳವಿರುವ ಡಬ್ಬದಲ್ಲಿ ತುಂಬಿಡಿ. ಎಂಜಿನ್ನಿನಿಂದ ಬದಲಾಯಿಸಿದ ಹಳೆಯ ಆಯಿಲನ್ನು, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ, ಪರವಾನಗಿ ಇರುವ ಸಂಸ್ಕರಣೆಗಾರರಿಗೇ ಸೇರಿಸಬೇಕು. ದೊಡ್ಡ ಗ್ಯಾರೇಜುಗಳಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ. ಟಿಲ್ಲರಿನ ಕೆಳಗೆ ಮರಳು ತುಂಬಿದ ಹಳೆಯ ತಗಡಿನ ತಟ್ಟೆ ಇಡುವುದನ್ನು ನಾವು ಈ ಮಳೆಗಾಲದಿಂದ ಶುರುಮಾಡಿದ್ದೇವೆ. ಹೊಟ್ಟಿನ ಬೂದಿಗೆ ಗಂಗಾವತಿಗೇ ಹೋಗಬೇಕಾಗಿಲ್ಲ, ಶಿವಮೊಗ್ಗ, ದಾವಣಗೆರೆ ಕಡೆಯ ಅಕ್ಕಿ ಮಿಲ್ಲುಗಳಲ್ಲೂ ಕೇಳಬಹುದು. ಚೀಲ ಮಾತ್ರ ನಾವೇ ಒಯ್ಯಬೇಕು.