ಬಿಲ್ಲಿಂಗ್ ತಂತ್ರಾಂಶಕ್ಕೂ ಬೇಕು ಘಟಕ ಪರೀಕ್ಷೆ

ಬಿಲ್ಲು, ದಾಸ್ತಾನು, ಸಂಬಳ ಮತ್ತು ತೆರಿಗೆಯ ಲೆಕ್ಕಗಳನ್ನು ಇಂದು ವ್ಯಾಪಾರಿಗಳೂ ಸಣ್ಣ ಉದ್ಯಮಿಗಳೂ ಗಣಕಯಂತ್ರಕ್ಕೆ ಒಪ್ಪಿಸಿದ್ದಾರೆ. ಸಿದ್ಧ ತಂತ್ರಾಂಶ ತಮಗೆ ಹೊಂದದಿದ್ದಾಗ ಸ್ಥಳೀಯ ತಂಡವೊಂದರಿಂದ ಹೊಸದಾಗಿ ಬರೆಯಿಸಿಕೊಳ್ಳುವವರೂ ಇದ್ದಾರೆ. ಆ ತಂತ್ರಾಂಶ ತೆರಿಗೆಯನ್ನು ತಪ್ಪಾಗಿ ಲೆಕ್ಕ ಹಾಕಿದರೆ ಇಲಾಖೆಯ ನೋಟಿಸು ಬರುವುದು ವ್ಯಾಪಾರಿಗೇ ಹೊರತು ತಂತ್ರಾಂಶ ಬರೆದವರಿಗಲ್ಲ. ಕಡಿಮೆ ಕಟ್ಟಿದ ತೆರಿಗೆಯ ಮೇಲೆ ಕೇಂದ್ರ ಜಿಎಸ್‌ಟಿ ಕಾಯಿದೆಯ 50ನೇ ಕಲಮಿನಂತೆ ವಾರ್ಷಿಕ ಶೇ. 18ರ ಬಡ್ಡಿಯನ್ನೂ ವ್ಯಾಪಾರಿಯೇ ತೆರಬೇಕು. ಆದ್ದರಿಂದ ತಂತ್ರಾಂಶ ತಯಾರಕರು ತಮ್ಮ ಕೆಲಸವನ್ನು ಹೇಗೆ ಪರೀಕ್ಷಿಸುತ್ತಾರೆಂಬುದನ್ನು ಕೊಳ್ಳುವವರೂ ಅರಿತಿರುವುದು ಅಗತ್ಯ.

ಘಟಕ ಪರೀಕ್ಷೆ ಎಂದರೇನು?

ಯಾವುದೇ ತಂತ್ರಾಂಶ ಅನೇಕ ಸಣ್ಣ ಭಾಗಗಳಿಂದ ಕೂಡಿರುತ್ತದೆ. ಒಂದು ಭಾಗ ತೆರಿಗೆ ಲೆಕ್ಕ ಹಾಕುತ್ತದೆ, ಇನ್ನೊಂದು ಪೈಸೆಗಳನ್ನು ಪೂರ್ಣಾಂಕಗೊಳಿಸುತ್ತದೆ, ಮತ್ತೊಂದು ಬಿಲ್ಲಿಗೆ ಕ್ರಮಸಂಖ್ಯೆ ಕೊಡುತ್ತದೆ. ಇಂತಹ ಒಂದೊಂದು ಭಾಗಕ್ಕೂ ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಕೊಟ್ಟು, ಬಂದ ಉತ್ತರವನ್ನು ತಾಳೆ ನೋಡುವುದೇ ಘಟಕ ಪರೀಕ್ಷೆ. ಈ ತಾಳೆಯನ್ನೂ ಗಣಕಯಂತ್ರವೇ ಮಾಡುತ್ತದೆ. ಒಮ್ಮೆ ಬರೆದಿಟ್ಟ ಪರೀಕ್ಷೆಗಳನ್ನು ತಂತ್ರಾಂಶದಲ್ಲಿ ಬದಲಾವಣೆಯಾದಾಗಲೆಲ್ಲ ಮತ್ತೆ ನಡೆಸಬಹುದು.

ಈ ಪದ್ಧತಿಯ ಹಿನ್ನೆಲೆಯಲ್ಲಿಯೂ ಒಂದು ಸಂಬಳದ ಲೆಕ್ಕವಿದೆ. ಅಮೆರಿಕದ ಕ್ರೈಸ್ಲರ್ ಮೋಟಾರು ಸಂಸ್ಥೆಯ ವೇತನ ತಂತ್ರಾಂಶದ ಹೊಣೆಯನ್ನು ಕೆಂಟ್ ಬೆಕ್ 1996ರಲ್ಲಿ ವಹಿಸಿಕೊಂಡರು. 1997ರಲ್ಲಿ ಅದು ಸುಮಾರು 10,000 ನೌಕರರ ವೇತನ ಲೆಕ್ಕವನ್ನು ಆರಂಭಿಸಿತು. ಅದೇ ವರ್ಷ ಜ್ಯೂರಿಕ್‌ನಿಂದ ಅಟ್ಲಾಂಟಾಗೆ ಹೋಗುವ ವಿಮಾನದಲ್ಲಿ ಬೆಕ್ ಮತ್ತು ಎರಿಕ್ ಗಾಮಾ ಜೊತೆಗೂಡಿ ಜಾವಾ ಭಾಷೆಗಾಗಿ 'ಜೆಯೂನಿಟ್' ಎಂಬ ಪರೀಕ್ಷಾ ಸಾಧನವನ್ನು ಬರೆದರು. ಉತ್ತರ ಸರಿಯಿದ್ದರೆ ಹಸಿರು ಪಟ್ಟಿ, ತಪ್ಪಿದರೆ ಕೆಂಪು ಪಟ್ಟಿ ತೋರಿಸುವ ಈ ಸರಳ ಸಾಧನವನ್ನು ಅನುಸರಿಸಿ ಇತರ ಭಾಷೆಗಳಿಗೂ ಅಂತಹ ಸಾಧನಗಳು ಬಂದವು. ಕ್ರೈಸ್ಲರ್ ಯೋಜನೆ ಮಾತ್ರ 2000ದಲ್ಲಿ ನಿಂತುಹೋಯಿತು. ಪರೀಕ್ಷೆಯೊಂದರಿಂದಲೇ ಯೋಜನೆ ದಡ ಸೇರುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಮೂರು ಉದಾಹರಣೆಗಳು

1. ಸರಬರಾಜಿನ ಸ್ಥಳ: ಹುಬ್ಬಳ್ಳಿಯ ವರ್ತಕರು ಶೇ. 18ರ ದರದ 10,000 ರೂ. ಸರಕನ್ನು ಬೆಳಗಾವಿಗೆ ಮಾರಿದರೆ ಕೇಂದ್ರ ತೆರಿಗೆ 900 ರೂ., ರಾಜ್ಯ ತೆರಿಗೆ 900 ರೂ. ಬರಬೇಕು. ಅದೇ ಸರಕನ್ನು ಕೊಲ್ಹಾಪುರಕ್ಕೆ ಮಾರಿದರೆ ಐಜಿಎಸ್‌ಟಿ 1,800 ರೂ. ಬರಬೇಕು. ಒಟ್ಟು ಮೊತ್ತ ಒಂದೇ ಆದುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ.

2. ಪೂರ್ಣಾಂಕ: 170ನೇ ಕಲಮಿನಂತೆ ಪಾವತಿಸಬೇಕಾದ ತೆರಿಗೆಯನ್ನು ಸಮೀಪದ ರೂಪಾಯಿಗೆ ತರಬೇಕು. 1,250.49 ರೂ. ಇದ್ದರೆ 1,250, 1,250.50 ಇದ್ದರೆ 1,251. ತಪ್ಪುಗಳು ಅಡಗಿರುವುದು ಇಂತಹ ಗಡಿಗಳಲ್ಲಿಯೇ. ಆದ್ದರಿಂದ ಗಡಿಯ ಎರಡೂ ಬದಿಯನ್ನು ಪರೀಕ್ಷಿಸಬೇಕು.

3. ದರ ಬದಲಾವಣೆ: 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ಸೆಪ್ಟೆಂಬರ್ 15ರಂದು ಮಾರಿ ಹಣವನ್ನೂ ಪಡೆದ 10,000 ರೂ. ಸಿಮೆಂಟು 25ರಂದು ವಾಪಸು ಬಂದರೆ ಕ್ರೆಡಿಟ್ ನೋಟಿನಲ್ಲಿ ಹಳೆಯ ದರದಂತೆ 2,800 ರೂ. ತೆರಿಗೆ ಇರಬೇಕು. ಹಳೆಯ ದರವನ್ನು ಅಳಿಸಿ ಹೊಸದನ್ನು ಬರೆದುಕೊಂಡ ತಂತ್ರಾಂಶ 1,800 ಎಂದು ತೋರಿಸುತ್ತದೆ.

ತಂಡದ ಮುಖಂಡರ ಹೊಣೆ

ಪರೀಕ್ಷೆ ಬರೆಯಲು ಸಮಯ ಬೇಕು. ಆ ಸಮಯವನ್ನು ಕಾಲಪಟ್ಟಿಯಲ್ಲಿ ಮೊದಲೇ ಸೇರಿಸುವುದು ತಂಡದ ಮುಖಂಡರ ಕೆಲಸ. ಗ್ರಾಹಕರು ತಪ್ಪೊಂದನ್ನು ತಿಳಿಸಿದಾಗ ಮೊದಲು ಆ ತಪ್ಪನ್ನು ತೋರಿಸುವ ಪರೀಕ್ಷೆಯನ್ನು ಬರೆದು, ಅನಂತರ ತಪ್ಪನ್ನು ತಿದ್ದುವ ಕ್ರಮವನ್ನು ತಂಡದಲ್ಲಿ ರೂಢಿಸಬೇಕು. ಆಗ ಅದೇ ತಪ್ಪು ಮರುಕಳಿಸಿದರೆ ಕೂಡಲೇ ತಿಳಿಯುತ್ತದೆ. ಪರೀಕ್ಷಾ ಸಾಧನ ನಿಧಾನವಾಗಿದ್ದರೆ ಯಾರೂ ಅದನ್ನು ಬಳಸುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಫಲಿತಾಂಶ ಬರುವಂತೆ ಅದನ್ನು ರೂಪಿಸಬೇಕು. ಕೆಂಪು ಪಟ್ಟಿ ಕಂಡಾಗ ಬರೆದವರನ್ನು ಗದರಿಸುವುದೂ ಸಲ್ಲದು. ನಗದು ವ್ಯತ್ಯಾಸಕ್ಕೆ ಬೈಗುಳ ತಿನ್ನುವ ಗುಮಾಸ್ತ ಲೆಕ್ಕವನ್ನು ಹೊಂದಿಸಿಡುವಂತೆ, ಗದರಿಕೆಗೆ ಅಂಜಿದ ತಂಡ ಸುಲಭದ ಪರೀಕ್ಷೆಗಳನ್ನಷ್ಟೇ ಬರೆಯುತ್ತದೆ.

ಮಿತಿಗಳು

ತಾಳೆಪಟ್ಟಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕಪುಸ್ತಕಗಳು ನಿರ್ದೋಷವೆನ್ನಲಾಗದು. ಬಿಟ್ಟುಹೋದ ವ್ಯವಹಾರವನ್ನಾಗಲಿ, ತತ್ತ್ವದ ದೋಷವನ್ನಾಗಲಿ ಅದು ತೋರಿಸದು. ಘಟಕ ಪರೀಕ್ಷೆಯೂ ಹಾಗೆಯೇ. ತೆರಿಗೆಯ ನಿಯಮವನ್ನು ತಪ್ಪಾಗಿ ತಿಳಿದ ತಂತ್ರಜ್ಞರು ಪರೀಕ್ಷೆಯಲ್ಲಿಯೂ ಅದೇ ತಪ್ಪು ಉತ್ತರವನ್ನು ಬರೆದಿದ್ದರೆ ಪಟ್ಟಿ ಹಸಿರಾಗಿಯೇ ಇರುತ್ತದೆ. ಆದ್ದರಿಂದ ಸರಿಯುತ್ತರವನ್ನು ಕೊಡಬೇಕಾದವರು ವ್ಯಾಪಾರಿ ಮತ್ತು ಅವರ ಲೆಕ್ಕಪರಿಶೋಧಕರು. ವಾರ್ಡ್ ಕನಿಂಗ್‌ಹ್ಯಾಮ್ 2002ರಲ್ಲಿ ರೂಪಿಸಿದ 'ಫಿಟ್' ಎಂಬ ಸಾಧನ ಇದೇ ಉದ್ದೇಶದ್ದು. ಬಳಕೆದಾರರು ಕೋಷ್ಟಕದಲ್ಲಿ ಬರೆದ ಉತ್ತರಗಳನ್ನು ಅದು ತಂತ್ರಾಂಶದ ಉತ್ತರಗಳೊಡನೆ ಹೋಲಿಸುತ್ತದೆ.

ಸದಸ್ಯರು ಮಾಡಬೇಕಾದುದು

ತಂತ್ರಾಂಶ ಬರೆಯಿಸುವ ಮುನ್ನ ತಮ್ಮ ವ್ಯವಹಾರದ ಇಪ್ಪತ್ತು-ಮೂವತ್ತು ನಿಜವಾದ ಬಿಲ್ಲುಗಳನ್ನು ಆರಿಸಿ, ಸರಿಯುತ್ತರಗಳ ಕೋಷ್ಟಕವನ್ನು ಲೆಕ್ಕಪರಿಶೋಧಕರಿಂದ ಸಿದ್ಧಪಡಿಸಿಕೊಳ್ಳಬೇಕು. ವಾಪಸು ಬಂದ ಸರಕು, ರಿಯಾಯಿತಿ, ಹೊರರಾಜ್ಯದ ಮಾರಾಟ ಅದರಲ್ಲಿರಲಿ. ಆ ಕೋಷ್ಟಕವನ್ನು ಕರಾರಿಗೆ ಲಗತ್ತಿಸಿ, ಪ್ರತಿ ಹೊಸ ಆವೃತ್ತಿಯನ್ನೂ ಅದರಂತೆ ಪರೀಕ್ಷಿಸಿ ತೋರಿಸಬೇಕೆಂಬ ಷರತ್ತು ಹಾಕಬೇಕು. ತಂತ್ರಾಂಶದೊಡನೆ ಪರೀಕ್ಷೆಗಳನ್ನೂ ಹಸ್ತಾಂತರಿಸಬೇಕೆಂದು ಬರೆಯಿಸಿಕೊಂಡರೆ ಮುಂದೆ ಬೇರೊಂದು ತಂಡಕ್ಕೆ ಕೆಲಸ ವಹಿಸುವಾಗಲೂ ಅವು ನೆರವಿಗೆ ಬರುತ್ತವೆ. ಇದಕ್ಕೆ ತಗಲುವ ಹೆಚ್ಚುವರಿ ಶುಲ್ಕವನ್ನು ಚೌಕಾಸಿ ಮಾಡದೆ ಕೊಡುವುದು ಲೇಸು.