ಅಂಗಳದ ಕೊಳ: ಪಂಪಿನ ಮೇಲೊಂದು ಕಣ್ಣಿರಲಿ

ಅಂಗಳದ ಪುಟ್ಟ ಸಿಮೆಂಟ್ ಕೊಳದಲ್ಲಿ ನೀರು ಹರಿದಾಡುತ್ತಿದ್ದರೆ ನೋಡಲು ಚೆಂದ, ಆರೋಗ್ಯಕ್ಕೂ ಒಳ್ಳೆಯದು. ಪಂಪು ಕೆಟ್ಟು ನೀರು ನಿಂತರೆ ಸೊಳ್ಳೆಗಳು ಮೊಟ್ಟೆಯಿಡುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಹಾಗಾಗಿ ಪಂಪನ್ನು ಆಗಾಗ ಪರೀಕ್ಷಿಸುತ್ತಿರಬೇಕು.

ಕೊಳಕ್ಕೆ ಕೈ ಹಾಕುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ತೆಗೆದಿಡಿ. ವೈರಿಂಗ್ ಅದಲುಬದಲಾಗಿದ್ದರೆ ಸ್ವಿಚ್ ಆರಿಸಿದರೂ ತಂತಿಯಲ್ಲಿ ವಿದ್ಯುತ್ ಇರುತ್ತದೆ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ. ಕೇಬಲ್ ಹಿಡಿದು ಪಂಪನ್ನು ಎತ್ತಬೇಡಿ.

ಕೇಬಲನ್ನು ಉದ್ದಕ್ಕೂ ಒರೆಸಿ ನೋಡಿ. ಸೀಳು ಅಥವಾ ಇಲಿ ಕಚ್ಚಿದ ಗುರುತು ಕಂಡರೆ ಟೇಪ್ ಸುತ್ತಿ ಮತ್ತೆ ನೀರಿಗಿಳಿಸಬೇಡಿ; ಟೇಪಿನೊಳಗೂ ನೀರು ಇಳಿಯುತ್ತದೆ. ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಇಲ್ಲವೇ ಪಂಪನ್ನೇ ಬದಲಿಸಿ. ಧಾರೆ ಸಣ್ಣದಾಗಿದ್ದರೆ ಸಾಮಾನ್ಯವಾಗಿ ಕಸ ಕಟ್ಟಿರುತ್ತದೆ. ಜಾಲರಿಯನ್ನೂ ಒಳಗೆ ತಿರುಗುವ ರೆಕ್ಕೆಯನ್ನೂ ಹಳೆಯ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಪಂಪು ಪೂರ್ತಿ ಮುಳುಗುವಷ್ಟು ನೀರಿರಲಿ. ನೀರಿಲ್ಲದೆ ಓಡಿದರೆ ಅದು ಸುಟ್ಟುಹೋಗಬಹುದು.

ಎಂಸಿಬಿ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಅದು ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ. ಶಾಕ್‌ನಿಂದ ರಕ್ಷಣೆಗೆ ಸರಿಯಾದ ಅರ್ಥಿಂಗ್ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಕರೆಂಟು ಕಡಿಯದಿದ್ದರೆ ಕೂಡಲೇ ಬದಲಿಸಿ.

ಯಾರಿಗಾದರೂ ಕೊಳದಲ್ಲಿ ಶಾಕ್ ತಗಲಿದರೆ ಅವರನ್ನಾಗಲಿ ನೀರನ್ನಾಗಲಿ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಹೊರಗೆಳೆದು 108ಕ್ಕೆ ಕರೆ ಮಾಡಿ. ಮೇನ್ ಸ್ವಿಚ್ ಎಲ್ಲಿದೆಯೆಂದು ಮನೆಮಂದಿಗೆಲ್ಲ ಇಂದೇ ತೋರಿಸಿಡಿ.